ಬಿಟ್ಟಿ ಬಿಸಿ

ಮಾರ್ಚ್ 4

ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಗೆ ನಾನು ಹೋಗಲಿಲ್ಲ, ಯಾಕೆಂದರೆ ಅವತ್ತು ಒಂದು ಅಂಗಡಿಯಲ್ಲಿ ಬಕೆಟ್ ಪುಕ್ಕಟೆ ಕೊಡುತ್ತಿದ್ದರು.

ಇಲ್ಲಿ ಬರೆದೇಬಿಟ್ಟೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮನೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಬೇರೆ. ಗಣಿತದ ಮೇಷ್ಟ್ರು ನನ್ನನ್ನು ಎಲ್ಲರೆದುರು ಹಂಗಿಸಿದರಂತೆ, ನಾನು ಸ್ವಾಭಿಮಾನದಿಂದ ಶಾಲೆಗೆ ಬೆನ್ನು ತಿರುಗಿಸಿ ಬಂದೆನಂತೆ. ಇದನ್ನು ಕಟ್ಟಿದ್ದು ಅಮ್ಮ. ನಾನು ಸುಳ್ಳು ಹೇಳುವುದಿಲ್ಲ. ಸುಮ್ಮನಿದ್ದೆ, ಅಷ್ಟೆ. ಸುಮ್ಮನಿರುವುದೂ ಸುಳ್ಳಿನ ತಂಗಿಯೇ ಎಂದು ಗೊತ್ತಿರುವುದರಿಂದ ಈಗ ಬರೆದಿಡುತ್ತಿದ್ದೇನೆ.

ನಡೆದದ್ದು ಇಷ್ಟು. ಪರೀಕ್ಷೆಗೆ ಹೋಗುವ ದಾರಿಯಲ್ಲಿ ಹೊಸ ಅಂಗಡಿಯ ಉದ್ಘಾಟನೆ. ಮೊದಲು ಬಂದವರಿಗೆ ಬಕೆಟ್. ಐದು ನಿಮಿಷ ನಿಂತು ನೋಡೋಣ ಎಂದುಕೊಂಡೆ. ಸಾಲು ಮುಂದೆ ಹೋಗುತ್ತಿತ್ತು, ಕಾಲು ಹಿಂದೆ ಬರಲು ಒಪ್ಪಲಿಲ್ಲ. ನೀಲಿ ಬಕೆಟ್ ಕೈಗೆ ಬಂದಾಗ ಪರೀಕ್ಷೆಯ ಬಾಗಿಲು ಮುಚ್ಚಿತ್ತು. ಹಾಲ್ ಟಿಕೆಟ್ಟನ್ನು ಬಕೆಟ್ಟಿನೊಳಗೆ ಹಾಕಿಕೊಂಡು ಮನೆಗೆ ಬಂದೆ. ಬಕೆಟ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ವಸ್ತು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ನಮ್ಮ ಮನೆಗಿಲ್ಲ. ನಮ್ಮದು 'ಬಿಟ್ಟಿ ಸಿಕ್ಕಿದ್ರೆ ನಂಗೂ ಇರಲಿ, ನಮ್ಮಪ್ಪಂಗೂ ಇರಲಿ' ಎನ್ನುವ ವಂಶ. ಅಪ್ಪ ಸತ್ತು ಎಷ್ಟೋ ವರ್ಷವಾಯಿತು. ಅವನ ಪಾಲನ್ನು ಈಗಲೂ ಕೇಳಿ ತರುತ್ತೇವೆ.

ಈ ಡೈರಿಯೂ ಹಾಗೆ ಬಂದದ್ದೇ. ಟೈರ್ ಅಂಗಡಿಯವರು ಕೊಟ್ಟದ್ದು, ಅದೂ ಹೋದ ವರ್ಷದ್ದು. ವಾರಗಳು ತಾಳೆಯಾಗುವುದಿಲ್ಲ, ಆದ್ದರಿಂದ ತಾರೀಕು ಮಾತ್ರ. ಪ್ರತಿ ಪುಟದ ಕೆಳಗೆ ಟೈರಿನ ಬಗ್ಗೆ ಒಂದು ಬುದ್ಧಿಮಾತು ಇದೆ. ನಮ್ಮ ಮನೆಯಲ್ಲಿ ಸೈಕಲ್ಲೂ ಇಲ್ಲ.

ನಾಳೆಯಿಂದ ಹೊಸ ಕೆಲಸ. ಮೊಟ್ಟೆ ಅಂಗಡಿಯವರು ಬಿಡಿಸಿದರು (ಹೋದ ವಾರದ ಮೊಟ್ಟೆ ಎಂದು ಗಿರಾಕಿಗೆ ಹೇಳಿದ್ದಕ್ಕೆ), ಹೆಲ್ಮೆಟ್ ಅಂಗಡಿ ಬಿಡಿಸಿತು (ಕೈಯಿಂದ ಕೆಳಗೆ ಬಿದ್ದದ್ದು ಎಂದು ಹೇಳಿದ್ದಕ್ಕೆ). ಈ ಸಲ ಜನರನ್ನು ಬಿಟ್ಟಿಯಾಗಿ ಬಿಸಿ ಹಾಸಿಗೆಯ ಮೇಲೆ ಮಲಗಿಸುವ ಕೆಲಸ. ಬಕೆಟ್ಟಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ಸರಿಯಾದದ್ದು ಸಿಗಲಾರದು.

ಮಾರ್ಚ್ 5

ಹಿಂದೆ ಟೈಪಿಂಗ್ ಶಾಲೆಯಾಗಿದ್ದ ಮಹಡಿ. ಒಂದು ಗೋಡೆಗೆ ಸಾಲಾಗಿ ಎಂಟು ಹಾಸಿಗೆ, ಎದುರು ಗೋಡೆಗೆ ಸಾಲಾಗಿ ಕುರ್ಚಿ. ಹಾಸಿಗೆಯೊಳಗೆ ಬಿಸಿ ಉರುಳೆಗಳು ಬೆನ್ನುಮೂಳೆಯ ಉದ್ದಕ್ಕೂ ಹೋಗಿ ಬರುತ್ತವೆ, ಹಾವು ಮೊಟ್ಟೆ ನುಂಗಿದ ಹಾಗೆ. ಅರ್ಧ ಗಂಟೆ ಆದ ಕೂಡಲೇ ನಾನು ಗಂಟೆ ಹೊಡೆಯಬೇಕು, ಮಲಗಿದವರು ಏಳಬೇಕು, ಕೂತವರು ಮಲಗಬೇಕು. ದುಡ್ಡಿಲ್ಲ. ಎಷ್ಟು ತಿಂಗಳು ಬೇಕಾದರೂ ಬನ್ನಿ, ಹಾಸಿಗೆ ಕೊಳ್ಳಿ ಎಂದು ಯಾರೂ ಕೇಳುವುದಿಲ್ಲ ಎಂದು ಬಾಗಿಲಲ್ಲೇ ಬೋರ್ಡಿದೆ.

ಯಜಮಾನನನ್ನು ಎಲ್ಲರೂ ಮೈಕ್ ಸಾರ್ ಎನ್ನುತ್ತಾರೆ. ಎದುರಿಗೆ ಒಬ್ಬರೇ ಇದ್ದರೂ ಮೈಕಿನಲ್ಲೇ ಮಾತು. ಬೆಳಿಗ್ಗೆ ಎಲ್ಲರೂ ಚಪ್ಪಾಳೆ ತಟ್ಟಿ "ಬೆನ್ನೇ ಬದುಕು!" ಎಂದು ಕೂಗಬೇಕು. ಆಮೇಲೆ ಒಬ್ಬೊಬ್ಬರೂ ಮೈಕ್ ಹಿಡಿದು ತಮ್ಮ ಅನುಭವ ಹೇಳಬೇಕು. ಯಾರು ಏನು ಹೇಳಿದರೂ ಚಪ್ಪಾಳೆ. ಇವತ್ತು ಒಬ್ಬರು "ನಿನ್ನೆ ಬರಕ್ಕಾಗ್ಲಿಲ್ಲ" ಎಂದರು. ಅದಕ್ಕೂ ತಟ್ಟಿದರು.

"ಹತ್ತನೇ ಕ್ಲಾಸ್ ಪಾಸಾ?" ಎಂದು ಕೇಳಿದರು ನನ್ನನ್ನು.

"ಇಲ್ಲ ಸಾರ್."

"ಪರವಾಗಿಲ್ಲ. ಮಲಗೋರಿಗೆ ಲೆಕ್ಕ ಬೇಕಾಗಲ್ಲ."

ಮೂರನೇ ಹಾಸಿಗೆ ದೊಡ್ಡಮ್ಮನದು. ನನಗೆ ಇಲ್ಲಿ ಕೆಲಸ ಕೊಡಿಸಿದ್ದೂ ಅವಳೇ, ಎಷ್ಟೋ ತಿಂಗಳಿಂದ ಇಲ್ಲಿ ಬಿಟ್ಟಿ ಮಲಗುತ್ತಿದ್ದಾಳೆ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮದುವೆ ಎಂಬ ವ್ಯವಹಾರಕ್ಕೆ ಕೈ ಹಾಕಲಿಲ್ಲ. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಒಂದು ಮೋಟಾರ್ ಹೊಲಿಗೆ ಮಿಷಿನ್ ಸಮೇತ ಬಂದವಳು ಹಿಂತಿರುಗಲಿಲ್ಲ. ಪರದೆ, ಸೋಫಾ ಕವರು, ಗಾಡಿಯ ಸೀಟು ಹೊಲಿದು ನನ್ನನ್ನು ಬೆಳೆಸಿದಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆದು ತರುವುದು ಬಾಡಿಗೆಗೆ, ದೊಡ್ಡಮ್ಮನ ಮಿಷಿನ್ ತರುವುದು ಊಟಕ್ಕೆ. ಮಿಷಿನ್ ಮುನಿಸಿಕೊಂಡರೆ ಬಿಚ್ಚಿ ಎಣ್ಣೆ ಹಾಕುವುದು, ಬೆಳಿಗ್ಗೆ ಸೂಜಿಗೆ ದಾರ ಹಾಕಿಕೊಡುವುದು ನನ್ನ ಪಾಲಿನ ಕೆಲಸ. ಅಷ್ಟರಲ್ಲಿ ಅವಳು ಬಟ್ಟೆ ಹರಡಿಕೊಳ್ಳುತ್ತಾಳೆ.

ಮಾರ್ಚ್ 9

ಬಿಟ್ಟಿಗಳು. ಇವರಿಗೆ ನಾನಿಟ್ಟ ಹೆಸರು ಅದು.

ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ರಿಟೈರಾದ ಪೋಸ್ಟ್‌ಮ್ಯಾನ್ ಕೂತಿರುತ್ತಾರೆ. ಗುಂಡುಕಲ್ಲಿನ ಹಾಗಿದ್ದಾರೆ.

"ಬೆನ್ನು ನೋವಾ?" ಎಂದೆ.

"ಇಲ್ಲಮ್ಮ."

"ಮಂಡಿ?"

"ಊರೆಲ್ಲಾ ಸುತ್ತಿದ ಮಂಡಿ, ಅದಕ್ಕೇನಾಗುತ್ತೆ?"

"ಮತ್ಯಾಕೆ ಬರ್ತೀರಾ?"

"ಬಿಟ್ಟಿ ಅಲ್ವಾ!"

"ಬಿಟ್ಟಿ ಅಂತ ವಿಷ ಕೊಟ್ರೆ?"

ಅವರು ಸ್ವಲ್ಪ ಯೋಚಿಸಿದರು. "ಬಾಟ್ಲಿ ಎಷ್ಟು ದೊಡ್ಡದು ಅಂತ ನೋಡ್ತೀನಿ."

ಇನ್ನೊಬ್ಬಳು ಚಿನ್ನದಂಗಡಿ ಅಮ್ಮ. ಕಾರಿನಲ್ಲಿ ಬಂದು ಇಳಿಯುತ್ತಾಳೆ, ಡ್ರೈವರ್ ಬಾಗಿಲು ತೆಗೆಯುತ್ತಾನೆ. ಮೇಲೆ ಬಂದು ಬಿಟ್ಟಿ ಮಲಗಿ, ಹೋಗುವಾಗ ಕೈ ಒರೆಸುವ ಕಾಗದವನ್ನು ಮುಷ್ಟಿ ತುಂಬ ಎಳೆದು ಚೀಲಕ್ಕೆ ತುರುಕುತ್ತಾಳೆ. ಅವಳ ಒಂದು ಬಳೆ ಮಾರಿದರೆ ಆ ಕಾಗದದ ಕಾರ್ಖಾನೆಯೇ ಬರುತ್ತದೆ.

ಇವತ್ತು ಹೊಸಬಳೊಬ್ಬಳು ಕೇಳಿದಳು, "ಇದ್ರಲ್ಲಿ ಸಕ್ಕರೆ ಕಾಯಿಲೆ ಹೋಗುತ್ತಾ?"

"ಇಲ್ಲ. ಬೆನ್ನು ಬಿಸಿಯಾಗುತ್ತೆ. ಅಷ್ಟೇ."

"ಬಿಪಿ?"

"ಅದೂ ಇಲ್ಲ. ನಿದ್ದೆ ಬರಬಹುದು. ಗೊರಕೆ ಹೊಡೀತೀರಿ."

ಮೈಕ್ ಸಾರ್ ನನ್ನನ್ನು ಗಾಜಿನ ಕ್ಯಾಬಿನ್ನಿಗೆ ಕರೆದರು. "ನಿಂಗೆ ಸಂಬಳ ಕೊಡೋರು ಯಾರು, ನಾನಾ ಅವಳಾ?" ನಾಳೆ ಈ ಕೆಲಸವೂ ಹೋಗುತ್ತದೆ. ನಿಜ ಆಡಿದರೆ ನಿಷ್ಠುರ ಎಂದು ದೊಡ್ಡಮ್ಮ ಹೇಳುತ್ತಲೇ ಇರುತ್ತಾಳೆ.

ಮಾರ್ಚ್ 10

ಕೆಲಸ ಹೋಗಲಿಲ್ಲ. ಆ ಹೆಂಗಸು ಬೆಳಿಗ್ಗೆ ಗಂಡನನ್ನು ಕರೆದುಕೊಂಡು ಬಂದು ಒಂದು ಹಾಸಿಗೆ ಕೊಂಡಳು!

"ಎಲ್ಲಾ ಕಡೆ ಎಲ್ಲಾ ವಾಸಿಯಾಗುತ್ತೆ ಅಂತಾರೆ. ಈ ಹುಡುಗಿ ಒಬ್ಬಳೇ ಆಗಲ್ಲ ಅಂದಿದ್ದು. ಅದಕ್ಕೇ ನಂಬಿಕೆ ಬಂತು" ಎಂದಳಂತೆ.

ಮೈಕ್ ಸಾರ್ ನನಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. "ಇನ್ಮೇಲೆ ನೀನು ನಿಜಾನೇ ಹೇಳಮ್ಮ."

"ಇಷ್ಟು ದಿನಾನೂ ಅದನ್ನೇ ಹೇಳ್ತಿದ್ದೆ ಸಾರ್."

"ಇನ್ನೂ ಜೋರಾಗಿ ಹೇಳು."

ನಿಜಕ್ಕೆ ಬೆಲೆ ಬಂದದ್ದು ಇದೇ ಮೊದಲು. ಖುಷಿಯಾಗಬೇಕಿತ್ತು. ಬಿಸ್ಕತ್ತು ಮೆತ್ತಗಾಗಿತ್ತು, ಹಾಗೆಂದು ಅವರಿಗೂ ಹೇಳಿದೆ.

ಮಾರ್ಚ್ 17

ಎಂಟು ಹಾಸಿಗೆ, ಎಂಟು ಗೊರಕೆ. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಯಾವ ಬಸ್ಸಾದರೂ ಸರಿ, ಹತ್ತಿಬಿಡಬೇಕು ಎನಿಸುತ್ತದೆ. ಪುಟದ ಕೆಳಗೆ: 'ನಿಂತ ಗಾಡಿಯ ಟೈರೂ ಸವೆಯುತ್ತದೆ.' ನಿನ್ನನ್ನು ಯಾರು ಕೇಳಿದರು?

ಮಾರ್ಚ್ 22

ಇವತ್ತು ಮೈಕ್ ಸಾರ್ ಒಳ್ಳೆಯ ಲಹರಿಯಲ್ಲಿದ್ದರು, ವ್ಯಾಪಾರದ ಗುಟ್ಟು ಹೇಳಿಕೊಟ್ಟರು. ಆಗ ಮಾತ್ರ ಮೈಕ್ ಆಫ್ ಇತ್ತು.

"ಬಿಟ್ಟಿ ಅಂದ್ರೆ ಬೆಲೆ ಇಲ್ಲ ಅಂತಲ್ಲ ಕಣಮ್ಮ. ಬೆಲೆ ನಿಧಾನಕ್ಕೆ ಬರುತ್ತೆ ಅಂತ. ಒಂದು ದಿನ ಬಂದೋನು ನಗ್ತಾ ಹೋಗ್ತಾನೆ. ಒಂದು ತಿಂಗಳು ಬಂದೋನು ನನ್ನ ಕಣ್ಣು ತಪ್ಪಿಸ್ತಾನೆ. ಅದಕ್ಕೂ ಜಾಸ್ತಿ ಬಂದೋನು ಒಂದಿನ ನಂಗೆ ಬಾಳೆಹಣ್ಣು ತಂದ್ಕೊಡ್ತಾನೆ. ಹಣ್ಣು ಬಂತು ಅಂದ್ರೆ ಗಿರಾಕಿ ಹಣ್ಣಾದ ಅಂತ. ಮುಲಾಜು ಹೊಟ್ಟೇಲಿ ಕೂತ್ಬಿಟ್ಟಿರುತ್ತೆ. ಆಮೇಲೆ ನಾನು ಕೇಳೋದೇ ಬೇಡ, ಅವನೇ ರೇಟು ಕೇಳ್ತಾನೆ."

"ಕೊಳ್ಳೋ ಶಕ್ತಿ ಇಲ್ದೋರು?"

"ನಾಚಿಕೆ ಇದ್ದೋರಿಗೆ ಶಕ್ತಿ ಎಲ್ಲಿಂದಾದ್ರೂ ಬರುತ್ತೆ." ಆಮೇಲೆ ಗಾಜಿನ ಕಡೆ ಕೈ ತೋರಿಸಿದರು. "ನಿಮ್ಮ ದೊಡ್ಡಮ್ಮ ನಿನ್ನೆ ಏನು ತಂದ್ರು ನೋಡು."

ಕ್ಯಾಬಿನ್ನಿಗೆ ಹೊಸ ಪರದೆ. ನೋಡಿದ ತಕ್ಷಣ ಯಾರ ಹೊಲಿಗೆ ಎಂದು ಗೊತ್ತಾಯಿತು. ಅವಸರದಲ್ಲಿ ಹೊಲಿದಳೋ ಏನೋ, ಒಂದು ಬದಿ ತುಸು ಗಿಡ್ಡ.

ಮುಂದಿನ ತಿಂಗಳ ಕೊನೆಗೆ ಸೆಂಟರ್ ಬೇರೆ ಊರಿಗೆ ಹೋಗುತ್ತದಂತೆ. ಅದಕ್ಕೂ ಮುಂಚೆ ಈ ಎಂಟು ಹಳೆಯ ಹಾಸಿಗೆಗಳನ್ನು ಅರ್ಧ ಬೆಲೆಗೆ 'ಹಣ್ಣಾದವರಿಗೆ' ಕೊಟ್ಟು ಹೋಗುತ್ತಾರಂತೆ.

ಅರ್ಧ ಬೆಲೆಯೂ ದೊಡ್ಡಮ್ಮನ ಹತ್ತಿರ ಇಲ್ಲ. ಅವಳ ಹತ್ತಿರ ಮಾರುವಂಥದ್ದು ಇರುವುದು ಒಂದೇ. ಅದು ಹೋದರೆ ನಮ್ಮ ತಟ್ಟೆಯೂ ಹೋಗುತ್ತದೆ.

ಮಾರ್ಚ್ 23

ಮನೆಯಲ್ಲಿ ಜಗಳ.

"ಆ ಮನುಷ್ಯಂಗೆ ಯಾಕೆ ಪರದೆ ಹೊಲ್ಕೊಟ್ಟೆ?"

"ಮುಖದ ಮೇಲೆ ಬಿಸಿಲು ಬೀಳ್ತಿತ್ತು ಕಣೇ, ಪಾಪ."

"ಬಿಸಿಲಲ್ಲ, ಬೆಂಕಿ ಬೀಳಲಿ! ನೀನು ಹಣ್ಣಾಗಿದ್ದೀಯಂತೆ. ಮುಲಾಜಿಗೆ ಬಿದ್ದಿದ್ದೀಯಂತೆ. ಇವತ್ತು ಪರದೆ ತಂದೋಳು ನಾಳೆ ಮಿಷಿನ್ ಮಾರಿ ಹಾಸಿಗೆ ತಗೋತೀಯ." ಮೈಕ್ ಸಾರ್ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದೆ.

ದೊಡ್ಡಮ್ಮ ಕತ್ತರಿ ಕೆಳಗಿಟ್ಟು ಗಮನವಿಟ್ಟು ಕೇಳಿದಳು. "ಬುದ್ಧಿವಂತ" ಎಂದಳು. "ಬಾಳೆಹಣ್ಣಿನ ಲೆಕ್ಕ ಚೆನ್ನಾಗಿದೆ."

"ನಾಳೆಯಿಂದ ಅಲ್ಲಿಗೆ ಬರ್ಬೇಡ."

"ನೀನ್ಯಾರೇ ಹೇಳೋಕೆ? ಎಲ್ಲರೂ ಬನ್ನಿ ಅಂತ ಬೋರ್ಡಿದೆ."

"ಬಿಸಿ ಬೇಕಾದ್ರೆ ನಾನು ಬಿಸಿನೀರಿನ ಚೀಲ ತಂದ್ಕೊಡ್ತೀನಿ. ಆ ಹಾಸಿಗೆ ಒಳಗೆ ಏನಿದೆ ಗೊತ್ತಾ? ನಾಲ್ಕು ಉರುಳೆ, ಒಂದು ಬೆಲ್ಟು. ಬೆಲ್ಟೂ ಸವೆದಿದೆ."

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಳಂತೆ, ನಿನ್ನಂಥೋಳು" ಎಂದಳು. ಬಚ್ಚಲಿನಿಂದ ಅಮ್ಮ ನಕ್ಕಳು. ನೀಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

ಮಾರ್ಚ್ 29

ಬಾಯಲ್ಲಿ ಆಗದ್ದನ್ನು ಕೈಯಲ್ಲಿ ಮಾಡಲು ಹೋದೆ. ಮೊನ್ನೆ ಮೂರನೇ ಹಾಸಿಗೆಯ ಬಿಸಿಯನ್ನು ಪೂರ್ತಿ ಇಳಿಸಿಟ್ಟೆ. ದೊಡ್ಡಮ್ಮ ಎದ್ದು ಮೈಕ್ ಹಿಡಿದಳು. "ಇವತ್ತು ತಣ್ಣಗಿತ್ತು. ತಣ್ಣಗಿದ್ರೂ ಚೆನ್ನಾಗಿತ್ತು." ಚಪ್ಪಾಳೆ.

ನಿನ್ನೆ ಪೂರ್ತಿ ಏರಿಸಿಟ್ಟೆ. "ಇವತ್ತು ಬೆನ್ನ ಮೇಲೆ ರೊಟ್ಟಿ ಸುಡಬಹುದಿತ್ತು. ಆದ್ರೂ ಚೆನ್ನಾಗಿತ್ತು." ಇನ್ನೂ ಜೋರು ಚಪ್ಪಾಳೆ.

ಇವತ್ತು ಸರಿಯಾಗಿಟ್ಟೆ. ಮನಸ್ಸು ಬರಲಿಲ್ಲ, ಮುದುಕಿಯ ಬೆನ್ನು.

ಒಂದು ವಿಷಯ ಗಮನಿಸಿದೆ. ಇವರು ಅರ್ಧ ಗಂಟೆಯ ಹಾಸಿಗೆಗೆ ಅರ್ಧ ದಿನ ಬರುತ್ತಾರೆ. ಸರದಿಗೆ ಎಷ್ಟೋ ಮೊದಲೇ ಬಂದು ಕುರ್ಚಿ ಹಿಡಿಯುತ್ತಾರೆ, ಮಲಗಿ ಎದ್ದ ಮೇಲೂ ಹೋಗುವುದಿಲ್ಲ. ಪೋಸ್ಟ್‌ಮ್ಯಾನ್ ಪೇಪರನ್ನು ಗಟ್ಟಿಯಾಗಿ ಓದುತ್ತಾರೆ, ತನಗೆ ಹಿಡಿಸದ ಸುದ್ದಿಯನ್ನು ಅಲ್ಲೇ ತಿದ್ದಿಬಿಡುತ್ತಾರೆ. ಚಿನ್ನದಂಗಡಿ ಅಮ್ಮ ಸೊಸೆಯ ಮೇಲಿನ ದೂರನ್ನು ಧಾರಾವಾಹಿಯ ಹಾಗೆ ದಿನಕ್ಕೊಂದು ಕಂತು ಹೇಳುತ್ತಾಳೆ. ಎಲ್ಲಿ ನಿಲ್ಲಿಸಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಇವತ್ತು ಸೊಸೆ ಫ್ರಿಜ್ಜಿಗೆ ಬೀಗ ಹಾಕಿದಳು, ಕೀಲಿ ಯಾರ ಹತ್ತಿರ ಎಂದು ತಿಳಿಯುವ ಮೊದಲೇ ಗಂಟೆ ಹೊಡೆಯಬೇಕಾಯಿತು. ಎರಡು ನಿಮಿಷ ತಡವಾಗಿ ಹೊಡೆದೆ. ಗಡಿಯಾರ ನಿಧಾನ ಇರಬೇಕು.

ಏಪ್ರಿಲ್ 6

ಪೋಸ್ಟ್‌ಮ್ಯಾನ್ ಎರಡು ದಿನದಿಂದ ಬಂದಿಲ್ಲ. ಹಾಸಿಗೆ ಖಾಲಿ ಬಿದ್ದರೆ ಸರದಿ ಕೆಡುತ್ತದೆ, ಆ ಕಾರಣಕ್ಕೆ ಊಟದ ಹೊತ್ತಿನಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ.

ಸೊಸೆ ಬಾಗಿಲು ತೆಗೆದಳು. "ಯಾರು?"

"ಹಾಸಿಗೆ" ಎಂದುಬಿಟ್ಟೆ. ಅವಳು ಬಾಗಿಲನ್ನು ಅರ್ಧ ಮುಚ್ಚಿದಳು. ಒಳಗಿನಿಂದ ಅವರೇ, "ಬಿಡಮ್ಮ, ನಮ್ಮ ಗಂಟೆ ಹುಡುಗಿ ಅದು" ಎಂದರು.

ನೆಗಡಿ, ಅಷ್ಟೆ. ಒಳ್ಳೆಯ ಸೊಸೆ, ಮಂಚದ ಪಕ್ಕದಲ್ಲೇ ಬಿಸಿ ಸೂಪು ಇಟ್ಟಿದ್ದಳು. ಮೊಣಕಾಲೆತ್ತರದ ದಪ್ಪ ಹಾಸಿಗೆ. ಕೈಯೂರಿದರೆ ಮುಳುಗಿಹೋಯಿತು.

"ಇಂಥಾ ಹಾಸಿಗೆ ಇಟ್ಕೊಂಡು ನಮ್ಮ ಸವೆದ ಬೆಲ್ಟಿಗೆ ಬರ್ತೀರಲ್ಲ, ನಿಮಗೆ ತಲೆ ಸರಿ ಇದ್ಯಾ?"

"ಇಲ್ಲಿ ಮಲಗಿದ್ರೆ ಯಾರೂ ಗಂಟೆ ಹೊಡೆದು ಎಬ್ಬಿಸಲ್ಲ ಕಣಮ್ಮ. ಮಲಗಿದ್ರೆ ಮಲಗೇ ಇರಬಹುದು." ಸೀನಿದರು. "ಅಲ್ಲಾದ್ರೆ ನಾನು ಎದ್ರೇನೇ ಇನ್ನೊಬ್ಬರಿಗೆ ಜಾಗ. ನಾನು ಏಳೋದನ್ನ ಯಾರೋ ಕಾಯ್ತಿರ್ತಾರೆ."

ವಾಪಸ್ಸು ಬರುವಾಗ ಅವರ ಮಾತು ತಲೆಯಲ್ಲಿತ್ತು. ಕೆಲಸಕ್ಕೆ ತಡವಾಯಿತು. ಕುರ್ಚಿಯಲ್ಲಿದ್ದವರೆಲ್ಲ ಒಟ್ಟಿಗೆ "ಹೇಗಿದ್ದಾರೆ?" ಎಂದರು. ನೆಗಡಿ ಎಂದೆ. ಚಪ್ಪಾಳೆ ತಟ್ಟಿದರು. ಹುಚ್ಚುಮುಂಡೇವು.

ಏಪ್ರಿಲ್ 14

ಆಯಿತು. ಮೈಕ್ ಸಾರ್ ಇವತ್ತು ಘೋಷಣೆ ಮಾಡಿದರು. ತಿಂಗಳ ಕೊನೆಗೆ ಮುಚ್ಚುತ್ತೇವೆ, ಈ ಹಾಸಿಗೆಗಳು ಅರ್ಧ ಬೆಲೆಗೆ, ನಮ್ಮ ಕುಟುಂಬದವರಿಗೆ ಮಾತ್ರ. ಕುಟುಂಬ ಎನ್ನುವಾಗ ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡರು. ಎಲ್ಲರೂ ನೆಲ ನೋಡತೊಡಗಿದರು. ಒಬ್ಬರ ಕಣ್ಣು ಇನ್ನೊಬ್ಬರಿಗೆ ಸಿಗಲಿಲ್ಲ. ದೊಡ್ಡಮ್ಮ ಮಾತ್ರ ಮೂರನೇ ಹಾಸಿಗೆಯ ಅಂಚನ್ನು ಬಟ್ಟೆ ನೋಡುವವಳ ಹಾಗೆ ಹೆಬ್ಬೆರಳಿನಿಂದ ಸವರುತ್ತಿದ್ದಳು.

ನಾನು ಮೈಕ್ ಕಿತ್ತುಕೊಂಡೆ.

"ಯಾರೂ ನಾಚ್ಕೋಬೇಡಿ. ಕರೆಂಟು ಕಂಪನಿದು, ಬಾಡಿಗೆ ಕಂಪನಿದು. ನೀವು ತಂದ ಬಾಳೆಹಣ್ಣು ಇವರು ತಿಂದು ಸಿಪ್ಪೆ ಎಸೆದಾಗಿದೆ. ಅಲ್ಲಿಗೆ ಚುಕ್ತಾ. ಕೊನೇ ದಿನದ ತನಕ ಬಿಟ್ಟಿ ಮಲಗಿ, ಎದ್ದು ಮನೆಗೆ ಹೋಗಿ. ಹಾಸಿಗೆ ತಗೊಂಡ್ರೆ ಮನೇಲಿ ಅದರ ಮೇಲೆ ಬಟ್ಟೆ ಒಣಗಿಸ್ತೀರಾ, ನೋಡ್ತಿರಿ. ಬಿಟ್ಟಿ ವಿಷಯ ನಂಗೆ ಹೇಳ್ಬೇಡಿ. ನಾನು ಒಂದು ಬಕೆಟ್ಟಿಗೆ ಹತ್ತನೇ ಕ್ಲಾಸ್ ಕೊಟ್ಟೋಳು."

ಬಕೆಟ್ಟಿನ ಕಥೆಯನ್ನು ಪೂರ್ತಿ ಹೇಳಿಬಿಟ್ಟೆ. ಬಿದ್ದು ಬಿದ್ದು ನಕ್ಕರು. ಆಮೇಲೆ, ಇನ್ನೇನು, ಚಪ್ಪಾಳೆ.

ಸಂಜೆಯೊಳಗೆ ಮೂರು ಹಾಸಿಗೆ ಮಾರಾಟ. ಬೇಡ ಎನ್ನುವ ಅಂಗಡಿಯವಳನ್ನು ಕೊಂಡವರು ಜನ್ಮದಲ್ಲಿ ನೋಡಿರಲಿಲ್ಲವಂತೆ.

"ನೀನು ಬಂಗಾರ ಕಣಮ್ಮ" ಎಂದರು ಮೈಕ್ ಸಾರ್. "ಮುಂದಿನ ಊರಿಗೂ ಬಾ. ಸಂಬಳ ಜಾಸ್ತಿ ಮಾಡ್ತೀನಿ. ಇದೇ ಭಾಷಣ ಮಾಡು."

"ನಾನು ಕೆಲಸ ಬಿಡ್ತೀನಿ."

"ಬಿಡು, ಬಿಡು. ನಾಳೆ ಸ್ವಲ್ಪ ಬೇಗ ಬಾ."

ಹೋಗುತ್ತೇನೆ. ಕೊನೆಯ ದಿನದ ತನಕ ಗಂಟೆ ಹೊಡೆಯುವವರು ಬೇಕಲ್ಲ.

ಕೊಂಡ ಮೂವರಲ್ಲಿ ದೊಡ್ಡಮ್ಮ ಇಲ್ಲ. ಬದುಕಿದೆ. ದಾರಿಯಲ್ಲಿ ಅವಳು ಕೇಳಿದ್ದು ಒಂದೇ. "ನೀಲಿ ಬಕೆಟ್ಟಾ?"

"ಹೂಂ."

"ಗಟ್ಟಿ ಬಕೆಟ್ಟು" ಎಂದಳು.

ಏಪ್ರಿಲ್ 21

ಮಿಷಿನ್ ಇಲ್ಲ.

ಕೆಲಸದಿಂದ ಬಂದಾಗ ಅದರ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು, ಗೋಡೆಗೆ ಎಣ್ಣೆಯ ಕಲೆ. ಪಕ್ಕದ ಊರಿನ ಸೋಫಾ ಕಾರ್ಖಾನೆಯವನು ಬಂದು ಗಾಡಿಗೆ ಹಾಕಿಕೊಂಡು ಹೋದನಂತೆ. ದೊಡ್ಡಮ್ಮ ಆ ದುಡ್ಡನ್ನು ನೇರ ಮೈಕ್ ಸಾರ್ ಕೈಗೆ ಕೊಟ್ಟು ಬಂದಳಂತೆ. ನಾನು ಕೆಳಗೆ ಚಹಾ ತರಲು ಹೋದಾಗ ನೋಡಿಕೊಂಡು.

ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಟೈರ್ ಅಂಗಡಿಗೂ ಒಂದು ಮರ್ಯಾದೆ ಇದೆ.

ಏಪ್ರಿಲ್ 22

ಮಾತಿಲ್ಲ.

ಏಪ್ರಿಲ್ 25

ಮೂರನೇ ನಂಬರಿನ ಹಾಸಿಗೆ ತಳ್ಳುಗಾಡಿಯಲ್ಲಿ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ, ಕಾಲು ಬಿಚ್ಚಬೇಕಾಯಿತು. ಈಗ ಮುಂದಿನ ಕೋಣೆಯಲ್ಲಿ ಕೋಣೆಯೇ ಇಲ್ಲ. ಅಡುಗೆಮನೆಗೆ ಹೋಗಬೇಕಾದರೆ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. "ತಟ್ಟೆ ಹಿಡ್ಕೊಂಡು ದಾಟೋದು ಹೇಗೆ?" ಎಂದಳು ಅಮ್ಮ. "ತಟ್ಟೇಲಿ ಹಾಕೋಕೆ ಇನ್ನೇನೂ ಇರಲ್ಲ ಬಿಡು" ಎಂದೆ. ಮೂರು ದಿನದಲ್ಲಿ ನಾನಾಡಿದ ಮೊದಲ ಮಾತು ಅದು.

ದೊಡ್ಡಮ್ಮ ಸ್ವಿಚ್ ಹಾಕು ಎಂದಳು. ನಾನು ಹಾಕಲಿಲ್ಲ. ತಾನೇ ಗೋಡೆ ಸವರಿಕೊಂಡು ಹೋಗಿ ಹಾಕಿಕೊಂಡಳು.

ಏಪ್ರಿಲ್ 29

ನಿನ್ನೆ ಸೆಂಟರಿನ ಕೊನೆಯ ದಿನ. ಗಂಟೆಯನ್ನು ಮೈಕ್ ಸಾರ್ ತಮ್ಮ ಪೆಟ್ಟಿಗೆಗೆ ಹಾಕಿಕೊಂಡರು.

ಇವತ್ತು ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಬಾಗಿಲಲ್ಲಿ ಪೋಸ್ಟ್‌ಮ್ಯಾನ್, ಕಂಕುಳಲ್ಲಿ ಪೇಪರು. ಅವರ ಹಿಂದೆ ಚಿನ್ನದಂಗಡಿ ಅಮ್ಮ. ಕಾರು ನಮ್ಮ ಬೀದಿಯಲ್ಲಿ ಹಿಡಿಸದೆ ಮೂಲೆಯಿಂದ ನಡೆದು ಬಂದಿದ್ದಳು. ಅವಳ ಹಿಂದೆ ಇನ್ನೂ ನಾಲ್ಕು ತಲೆ. "ಬನ್ನಿ, ಬನ್ನಿ" ಎಂದು ದೊಡ್ಡಮ್ಮ ಅಡುಗೆಮನೆಯ ಮಣೆ, ಡಬ್ಬಿ, ಸಿಕ್ಕಿದ್ದೆಲ್ಲ ಹಾಕಿ ಕೂರಿಸಿದಳು. ಅರ್ಧ ಗಂಟೆಗೆ ಲೋಟಕ್ಕೆ ಚಮಚದಿಂದ ಹೊಡೆದಳು. ಒಬ್ಬರು ಎದ್ದರು, ಒಬ್ಬರು ಮಲಗಿದರು. ಫ್ರಿಜ್ಜಿನ ಕೀಲಿ ಮಗನ ಹತ್ತಿರವೇ ಇತ್ತು ಎಂದು ಕೊನೆಗೂ ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ಕೇಳಿದೆ, "ಇವರಿಗೆಲ್ಲಾ ಬಿಟ್ಟಿನಾ?"

"ಮತ್ತೆ? ದುಡ್ಡು ಕೊಟ್ಟೋರು ಕೆಲಸ ಮುಗಿದ ಮೇಲೆ ಎದ್ದು ಹೋಗ್ಬೇಕಾಗುತ್ತೆ ಕಣೇ. ಬಿಟ್ಟಿ ಆದ್ರೆ ಕೂತಿರಬಹುದು."

"ಕೂತು ಏನು ಕಡಿದು ಗುಡ್ಡೆ ಹಾಕ್ತಾರೆ?"

"ನಂಗೆ ಮನೇಲಿ ಜನ ಬೇಕು. ಇನ್ಮೇಲೆ ನಾನು ಅಷ್ಟು ದೂರ ಮೆಟ್ಟಿಲು ಹತ್ಕೊಂಡು ಹೋಗಕ್ಕಾಗಲ್ಲ." ಹಾಸಿಗೆಯ ಅಂಚು ಸವರುತ್ತ ಹೇಳಿದಳು. "ಎರಡು ವರ್ಷದಿಂದ ಸೂಜಿ ಕಣ್ಣು ಕಾಣಿಸ್ತಿಲ್ಲ. ನೀನು ದಾರ ಹಾಕ್ತಿದ್ದೆ, ಕೈ ಅಭ್ಯಾಸದ ಮೇಲೆ ಹೊಲೀತಿತ್ತು. ಈಗ ಅಂಚೂ ಕಾಣ್ತಿಲ್ಲ. ಆ ಪರದೆ ನೋಡಿದ್ಯಲ್ಲ, ಎರಡು ಬದಿ ಸಮ ಇತ್ತಾ?"

ಇರಲಿಲ್ಲ. ಹಾಗೆಂದು ಹೇಳಿದೆ. ಬೇರೆ ಏನು ಹೇಳಲಿ?

"ಡಾಕ್ಟರ್..."

"ಬಿಟ್ಟಿ ಕಣ್ಣಿನ ಶಿಬಿರಕ್ಕೆ ಮೂರು ಸಲ ಹೋಗಿ ಬಂದೆ. ಮೂರು ಜನಾನೂ ಒಂದೇ ಹೇಳಿದ್ರು. ಇದಕ್ಕಿಂತ ಕೆಡದ ಹಾಗೆ ಹನಿ ಹಾಕ್ಕೊಳಿ, ವಾಪಸ್ ಬರಲ್ಲ ಅಂತ. ಹನೀನೂ ಬಿಟ್ಟಿ."

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ಬಸ್ ನಿಲ್ದಾಣ ನೋಡೋದು ಬಿಟ್ಟು ನನ್ನ ಪಕ್ಕದಲ್ಲೇ ಕೂತ್ಬಿಡ್ತಿದ್ದೆ. ಇಷ್ಟು ವರ್ಷ ಸಾಕಿದ್ದಾಳೆ, ಬಿಟ್ಟು ಹೇಗೆ ಹೋಗೋದು ಅಂತ. ನಿಮ್ಮ ಮೈಕ್ ಸಾರ್ ಹೇಳಿದ್ದಲ್ವಾ? ನೀನೂ ಹಣ್ಣಾಗ್ತಿದ್ದೆ."

ನಾನು ಲೆಕ್ಕ ಕೇಳಿದೆ. "ಮನೆ ಹೇಗೆ ನಡೆಯುತ್ತೆ?"

"ಅದಕ್ಕೇ ನಿನ್ನೂ ಸೇರಿಸಿ ಮಾರಿದ್ದು."

"ಏನಂದೆ?"

"ಸೋಫಾದವನು ಚೌಕಾಸಿ ಮಾಡ್ತಿದ್ದ. ಹಳೇ ಮಿಷಿನ್, ದಪ್ಪ ಬಟ್ಟೆ ಕೊಟ್ರೆ ಮುನಿಸ್ಕೊಳುತ್ತೆ, ಅದರ ಬುದ್ಧಿ ಯಾರಿಗೆ ಗೊತ್ತು ಅಂತ. ನಮ್ಮ ಹುಡುಗಿಗೆ ಗೊತ್ತು, ಚಿಕ್ಕಂದಿನಿಂದ ಅದರ ಹೊಟ್ಟೇಲೇ ಕೈಯಿಟ್ಕೊಂಡು ಬೆಳೆದಿದ್ದಾಳೆ ಅಂದೆ. ಮಿಷಿನ್ ತಗೊಂಡ್ರೆ ಹುಡುಗಿ ಬಿಟ್ಟಿ ಅಂದೆ. ಮರುಮಾತಿಲ್ದೆ ಕೇಳಿದ ರೇಟು ಕೊಟ್ಟ."

"ಬಿಟ್ಟಿ?! ನಾನೇನು ಬಕೆಟ್ಟಾ?"

"ಸಂಬಳ ಕೊಡ್ತಾನೆ ಮಾರಾಯ್ತಿ, ಅಲ್ಲೇ ಇರೋಕೆ ರೂಮೂ ಇದೆ. ನಿನ್ನ ಮೊಟ್ಟೆ ಅಂಗಡಿಗಿಂತ ಜಾಸ್ತಿ. ಬಿಟ್ಟಿ ಅಂದಿದ್ದು ಅವನ ಖುಷಿಗೆ. ಆ ಮಾತು ಕೇಳಿದ್ರೆ ಮನುಷ್ಯನ ಮುಖ ಹೇಗಾಗುತ್ತೆ ಗೊತ್ತಾ? ಮಗೂ ಥರ. ನಂಗೆ ಮಸುಕು ಮಸುಕಾಗಿ ಕಾಣಿಸ್ತು. ಆದ್ರೂ ಕಾಣಿಸ್ತು."

ಕೋಪದಲ್ಲಿ ಅಡುಗೆಮನೆಗೆ ಹೊರಟೆ. ಅಡ್ಡಡ್ಡ ನಡೆದುಕೊಂಡು ಕೋಪ ತೋರಿಸಲು ಬರುವುದಿಲ್ಲ. ನಡುವೆ ಸಿಕ್ಕಿಹಾಕಿಕೊಂಡು ನಗು ಬಂದುಬಿಟ್ಟಿತು.

ಮೇ 1

ಮೈಕ್ ಸಾರ್ ಊರು ಬಿಡುವ ಮೊದಲು ನಮ್ಮ ಮನೆಗೆ ಬಂದರು. ಕುಂಟುತ್ತಿದ್ದರು. ಸಾಮಾನು ಎತ್ತಿ ಸೊಂಟ ಹಿಡಿದಿತ್ತು. ಸರದಿಯಲ್ಲಿ ಡಬ್ಬಿಯ ಮೇಲೆ ಕೂತು, ಅರ್ಧ ಗಂಟೆ ಮಲಗಿ, ಚಮಚದ ಸದ್ದಿಗೆ ಎದ್ದರು. ಬರಿಗೈಯಲ್ಲಿ ಬಂದಿರಲಿಲ್ಲ. ಬಾಳೆಹಣ್ಣು ತಂದಿದ್ದರು.

ದೊಡ್ಡಮ್ಮ ಹಣ್ಣನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದಳು. "ಹಣ್ಣಾಗಿದೆ ಕಣೇ" ಎಂದಳು. ಪೋಸ್ಟ್‌ಮ್ಯಾನ್ ಪೇಪರಿನ ಹಿಂದೆ ಕೆಮ್ಮಿದರು.

ಮೇ 2

ಹಾಸಿಗೆಯ ಮೇಲಿನ ಗೋಡೆಗೆ ಚೀಟಿ ಅಂಟಿಸಿದೆ, ಅಮ್ಮ ನೋಡಿಕೊಂಡು ಮಾಡಲಿ ಎಂದು. ಪೋಸ್ಟ್‌ಮ್ಯಾನಿಗೆ ಕತ್ತಿನ ಕೆಳಗೆ ಟವೆಲ್ ಮಡಚಿಡಬೇಕು. ಚಿನ್ನದಂಗಡಿ ಅಮ್ಮನಿಗೆ ಬಿಸಿ ಕಡಿಮೆ, ಕಥೆ ಮುಗಿಯುವ ತನಕ ಚಮಚ ಹೊಡೆಯಬಾರದು, ಒಂದು ಕಟ್ಟು ಕಾಗದ ಕೈಗೆಟುಕುವಲ್ಲಿ ಇಟ್ಟಿರಬೇಕು. ದೊಡ್ಡಮ್ಮನ ಕಣ್ಣಿನ ಹನಿ ಬೆಳಿಗ್ಗೆ, ರಾತ್ರಿ. ಬೆಲ್ಟ್ ಕಿರುಗುಟ್ಟಿದರೆ ಮಿಷಿನ್ ಎಣ್ಣೆ ಎರಡು ತೊಟ್ಟು. ಆ ಬಾಟಲಿ ಮಾತ್ರ ಉಳಿದಿದೆ.

ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಮಲಗಿ ನೋಡಿದೆ. ಇಷ್ಟು ದಿನ ಒಂದು ಸಲವೂ ಮಲಗಿರಲಿಲ್ಲ. ಬೆನ್ನು ಬಿಸಿಯಾಗುತ್ತದೆ. ಅಷ್ಟೆ. ನಾನು ಹೇಳುತ್ತಿದ್ದದ್ದು ಸರಿಯೇ. ದೊಡ್ಡಮ್ಮ ಪಕ್ಕದಲ್ಲಿ ಚಮಚ ಹಿಡಿದು ಕೂತಿದ್ದಳು. ಅರ್ಧ ಗಂಟೆ ಮೀರಿಹೋಯಿತು, ಅವಳು ಹೊಡೆಯಲಿಲ್ಲ. ಗಡಿಯಾರ ಕಾಣಿಸುತ್ತಿಲ್ಲ ಎಂದಳು. ಪೇಪರು ಕಾಣಿಸದಿದ್ದರೂ ಗಡಿಯಾರ ಕಾಣಿಸುತ್ತದೆ ಅವಳಿಗೆ, ನನಗೆ ಗೊತ್ತು. ನಾನೂ ಏಳಲಿಲ್ಲ.

ಸಂಜೆ ಅಮ್ಮ ನನ್ನ ಬಟ್ಟೆಯನ್ನೆಲ್ಲ ಮಡಚಿ ನೀಲಿ ಬಕೆಟ್ಟಿಗೆ ತುಂಬಿದಳು.

"ಬಕೆಟ್ ಯಾಕೆ? ಚೀಲ ಇದೆ."

ಬಟ್ಟೆ ತೆಗೆದು, ಬಕೆಟ್ ಬೋರಲು ಹಾಕಿ ತೋರಿಸಿದಳು. ತಳದಲ್ಲಿ ಅಂಗಡಿಯ ಹೆಸರು ಅಚ್ಚಾಗಿತ್ತು. ಅದರ ಕೆಳಗೆ 'ಉದ್ಘಾಟನೆಯ ಉಚಿತ ಕೊಡುಗೆ'. ಅದರ ಕೆಳಗೆ ಆ ಪರೀಕ್ಷೆಯ ದಿನದ ತಾರೀಕು.

"ದಿನಾ ತೊಳೆದು ಬೋರಲು ಹಾಕೋಳು ನಾನಲ್ವೇನೇ?"

"ಮತ್ತೆ ಮೇಷ್ಟ್ರ ಕಥೆ?"

"ಊರಿಗೆ ಏನಾದ್ರೂ ಹೇಳ್ಬೇಕಿತ್ತಲ್ಲ. ನೀನಂತೂ ಸುಳ್ಳು ಹೇಳಲ್ಲ." ಮತ್ತೆ ಬಟ್ಟೆ ತುಂಬತೊಡಗಿದಳು. "ತಗೊಂಡು ಹೋಗು. ನಿನ್ನ ಹತ್ತನೇ ಕ್ಲಾಸನ್ನ ಇಲ್ಯಾಕೆ ಬಿಟ್ಟು ಹೋಗ್ತೀಯಾ?"

ಬೆಳಿಗ್ಗೆ ಪೋಸ್ಟ್‌ಮ್ಯಾನ್ ಬರುವ ಮೊದಲೇ ಬಸ್ಸಿದೆ. ನಾಳೆ ಮಿಷಿನ್ ಹೋದ ಊರಿಗೆ ಹೊರಡುತ್ತೇನೆ.